ಟೈಮರ್ ನಿಂತಿದೆ ಅಂದುಕೊಂಡಿದ್ದೆ

ನಮ್ಮ ಲಿನಕ್ಸ್ ಡ್ರೈವರ್ (ಹಾರ್ಡ್‌ವೇರ್ ಜೊತೆ ಮಾತಾಡುವ ಕೋಡ್) ಅನ್‌ಲೋಡ್ ಮಾಡಿದ ಸುಮಾರು ಒಂದು ಸೆಕೆಂಡಿಗೆ ಬೋರ್ಡ್ ಕ್ರ್ಯಾಶ್ ಆಗುತ್ತಿತ್ತು. ಪ್ರತಿ ಸಲ ಅಲ್ಲ. ಒಂದು ದಿನ ಇನ್ನೂರು ಸಲ ಮಾಡಿದರೂ ಏನೂ ಆಗಲಿಲ್ಲ, ಮರುದಿನ ಊಟಕ್ಕೆ ಮುಂಚೆಯೇ ಎರಡು ಸಲ ಬಿತ್ತು. ಲಾಗ್ ನೋಡಿದರೆ ನಮ್ಮ ಡ್ರೈವರ್ ಹೆಸರೇ ಇಲ್ಲ. ಬರೀ ಲಿನಕ್ಸ್ ಕರ್ನಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂ ತಿರುಳಿನ, ಟೈಮರ್ ಕೋಡ್.

ಡ್ರೈವರ್ ಕೆಲಸ ಇಷ್ಟೇ: ಸೆಕೆಂಡಿಗೊಮ್ಮೆ ಸೆನ್ಸರ್ ಓದುವುದು. ಟೈಮರ್ ಕಾಲ್‌ಬ್ಯಾಕ್‌ನಲ್ಲಿ (ಸಮಯ ಮುಗಿದಾಗ ಕರ್ನಲ್ ಕರೆಯುವ ಫಂಕ್ಷನ್) ಕಾಯುವ ಹಾಗಿಲ್ಲ, ಐ2ಸಿ (ಸೆನ್ಸರನ್ನು ಜೋಡಿಸುವ ಎರಡು ತಂತಿಯ ಬಸ್) ಮೇಲೆ ಓದಬೇಕಾದರೆ ಕಾಯಲೇಬೇಕು. ಅದಕ್ಕೇ ಕಾಲ್‌ಬ್ಯಾಕ್ ಒಂದು ವರ್ಕನ್ನು, ಅಂದರೆ ಆಮೇಲೆ ಕಾಯುತ್ತಾ ಮಾಡಬಹುದಾದ ಕೆಲಸವನ್ನು, ಕ್ಯೂಗೆ ಹಾಕುತ್ತದೆ. ವರ್ಕ್ ಸೆನ್ಸರ್ ಓದಿ, ಕೊನೆಯ ಸಾಲಿನಲ್ಲಿ ಮಾಡ್_ಟೈಮರ್ ಕರೆದು ಟೈಮರನ್ನು ಮತ್ತೆ ಶುರು ಮಾಡುತ್ತದೆ.

ಅನ್‌ಲೋಡ್ ಆಗುವಾಗ ಓಡುವ ರಿಮೂವ್ ಫಂಕ್ಷನ್ ನಾನೇ ಬರೆದಿದ್ದು. ಮೊದಲು ಡೆಲ್_ಟೈಮರ್_ಸಿಂಕ್ (ಟೈಮರ್ ಅಳಿಸಲು), ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್ (ವರ್ಕ್ ನಿಲ್ಲಿಸಲು), ಕೊನೆಗೆ ಕೆಫ್ರೀ (ಮೆಮೊರಿ ಬಿಟ್ಟುಕೊಡಲು). ಮೊದಲ ಎರಡರಲ್ಲೂ ಸಿಂಕ್ ಇದೆ, ಅಂದರೆ ಓಡುತ್ತಿರುವುದು ಮುಗಿಯುವವರೆಗೂ ಕಾಯುತ್ತವೆ. ಸರಿಯಾಗೇ ಇದೆ ಅಲ್ವಾ?

ಎರಡು ದಿನ ಸುಮ್ನೆ ಕೋಡ್ ನೋಡುತ್ತಾ ಕಳೆದೆ. ಆಮೇಲೆ ಕರ್ನಲ್ ಕಾನ್ಫಿಗ್‌ನಲ್ಲಿ ಡಿಬಗ್ ಆಬ್ಜೆಕ್ಟ್ಸ್ (ಟೈಮರ್‌ನಂಥ ವಸ್ತುಗಳ ತಪ್ಪು ಬಳಕೆ ಹಿಡಿಯುವ ತಪಾಸಣೆ) ಆನ್ ಮಾಡಿದೆ, ಜೊತೆಗೆ ಅದರ ಟೈಮರ್ಸ್ ಮತ್ತು ಫ್ರೀ ಆಯ್ಕೆಗಳನ್ನೂ. ಮೊದಲೇ ಮಾಡಬೇಕಿತ್ತು. ಸಂಜೆ ಹೊತ್ತಿಗೆ ಒಂದು ಸಾಲು ಬಂತು: 'ಓಡಿಬಗ್: ಫ್ರೀ ಆ್ಯಕ್ಟಿವ್'. ವಸ್ತು ಟೈಮರ್_ಲಿಸ್ಟ್, ಪಕ್ಕದಲ್ಲಿ ಸುಳಿವಾಗಿ ನಮ್ಮದೇ ಕಾಲ್‌ಬ್ಯಾಕ್ ಹೆಸರು. ಇನ್ನೂ ಚಾಲ್ತಿಯಲ್ಲಿರುವ ಟೈಮರ್ ಇದ್ದ ಮೆಮೊರಿಯನ್ನೇ ನಾನು ಬಿಟ್ಟುಕೊಡುತ್ತಿದ್ದೆ.

ಒಂದು ಹಾಳೆಯ ಮೇಲೆ ಎರಡು ಸಿಪಿಯುಗೆ ಎರಡು ಕಾಲಂ ಎಳೆದು ಬರೆದಾಗ ಕಥೆ ಗೊತ್ತಾಯಿತು. ಒಂದು ಸಿಪಿಯುನಲ್ಲಿ ವರ್ಕ್ ಸೆನ್ಸರ್ ಓದುತ್ತಿದೆ. ಇನ್ನೊಂದರಲ್ಲಿ ರಿಮೂವ್ ಶುರುವಾಗಿ ಡೆಲ್_ಟೈಮರ್_ಸಿಂಕ್ ಕರೆಯುತ್ತದೆ. ಆ ಕ್ಷಣಕ್ಕೆ ಟೈಮರ್ ಬಾಕಿ ಇಲ್ಲ, ಅದು ತಕ್ಷಣ ವಾಪಸ್ ಬರುತ್ತದೆ. ಮುಂದಿನ ಸಾಲು ವರ್ಕ್ ಮುಗಿಯಲಿ ಅಂತ ಕಾಯುತ್ತದೆ. ವರ್ಕ್ ಮುಗಿಯುವಾಗ ಟೈಮರನ್ನು ಮತ್ತೆ ಶುರು ಮಾಡಿಯೇ ಹೋಗುತ್ತದೆ! ಆಮೇಲೆ ಕೆಫ್ರೀ. ಒಂದು ಸೆಕೆಂಡ್ ಕಳೆದ ಮೇಲೆ ಕರ್ನಲ್ ಆ ಟೈಮರ್ ಹುಡುಕಿಕೊಂಡು ಹೋದರೆ ಅಲ್ಲಿ ಇನ್ಯಾರದೋ ಡೇಟಾ. ನಮ್ಮ ಹೆಸರು ಲಾಗ್‌ನಲ್ಲಿ ಇಲ್ಲದಿದ್ದುದಕ್ಕೂ ಇದೇ ಕಾರಣ.

ಓದುವುದಕ್ಕೆ ಸುಮಾರು 2 ಮಿಲಿಸೆಕೆಂಡ್ ಬೇಕು. ಹಾಗಾದರೆ ರಿಮೂವ್ ಆ ಸಂದಿಗೆ ಬಂದು ಬೀಳುವುದು 500ಕ್ಕೆ ಒಂದು ಸಲ. ಮಾಡ್_ಟೈಮರ್‌ಗೆ ಮುಂಚೆ 500 ಮಿಲಿಸೆಕೆಂಡಿನ ಎಂಸ್ಲೀಪ್ (ಸುಮ್ಮನೆ ಕಾಯುವ ಕರೆ) ಹಾಕಿದೆ. ಈಗ ಮೂರು ಸಲಕ್ಕೆ ಒಂದು ಸಲ ಬೀಳತೊಡಗಿತು. ಆಗ ಆದ ಖುಷಿ ಅಷ್ಟಿಷ್ಟಲ್ಲ. ಬೇಕೆಂದಾಗ ಬೀಳಿಸಲು ಬರದ ರೇಸನ್ನು (ಒಟ್ಟಿಗೆ ಓಡುವ ಎರಡು ಕೆಲಸಗಳ ಕ್ರಮ ತಪ್ಪಿದಾಗ ಬರುವ ದೋಷ) ಸರಿಮಾಡಿದೆ ಅಂತ ಹೇಳಲು ನನಗೆ ಧೈರ್ಯ ಬರುವುದಿಲ್ಲ.

ಮೊದಲು ಎರಡು ಸಾಲುಗಳನ್ನು ಅದಲು ಬದಲು ಮಾಡಿದೆ. ಆಗ ವರ್ಕ್ ನಿಲ್ಲಿಸಿದ ಮೇಲೆ ಟೈಮರ್ ಬಂದು ಹೊಸ ವರ್ಕ್ ಹಾಕಬಹುದು, ರೇಸ್ ಇನ್ನೊಂದು ಕಡೆಗೆ ಹೋಯಿತು ಅಷ್ಟೇ. ಆಮೇಲೆ 'ನಿಲ್ಲುತ್ತಿದ್ದೇವೆ' ಅನ್ನುವ ಒಂದು ಫ್ಲ್ಯಾಗ್ ಇಟ್ಟು, ವರ್ಕ್ ಅದನ್ನು ನೋಡಿ ಟೈಮರ್ ಶುರು ಮಾಡಲಿ ಅಂದುಕೊಂಡೆ. ಪ್ಯಾಚ್ ನೋಡಿದ ಸಹೋದ್ಯೋಗಿ ಕೇಳಿದರು: "ಫ್ಲ್ಯಾಗ್ ನೋಡಿದ ಮೇಲೆ, ಮಾಡ್_ಟೈಮರ್ ಕರೆಯುವ ಮುಂಚೆ, ನಡುವೆ ಏನಾಗತ್ತೆ ಹೇಳಿ?" ನಿಜ. ಆ ನಡುವೆಯೇ ರಿಮೂವ್ ಫ್ಲ್ಯಾಗ್ ಹಾಕಿ, ಟೈಮರ್ ಅಳಿಸಿ ಮುಂದೆ ಹೋಗಬಹುದು.

ಕೊನೆಗೆ ನಿಂತದ್ದು ಇದು. ವರ್ಕ್ ಸ್ಪಿನ್‌ಲಾಕ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗ) ಹಿಡಿದು ಫ್ಲ್ಯಾಗ್ ನೋಡಿ, ಲಾಕ್ ಬಿಡುವ ಮುಂಚೆಯೇ ಟೈಮರ್ ಶುರು ಮಾಡುತ್ತದೆ. ರಿಮೂವ್ ಅದೇ ಲಾಕ್ ಹಿಡಿದು ಫ್ಲ್ಯಾಗ್ ಹಾಕಿ, ಲಾಕ್ ಬಿಟ್ಟು, ಆಮೇಲೆ ಟೈಮರ್, ಆಮೇಲೆ ವರ್ಕ್ ನಿಲ್ಲಿಸುತ್ತದೆ. ಲಾಕ್ ಹಿಡಿದುಕೊಂಡೇ ಡೆಲ್_ಟೈಮರ್_ಸಿಂಕ್ ಕರೆಯಬೇಡಿ. ಕಾಲ್‌ಬ್ಯಾಕ್ ಕೂಡ ಅದೇ ಲಾಕ್‌ಗೆ ಕಾಯುತ್ತಿದ್ದರೆ ಡೆಡ್‌ಲಾಕ್, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುತ್ತಾರೆ.

ನಮ್ಮದು 5.4 ಕರ್ನಲ್, ಅದಕ್ಕೆ ಇಷ್ಟೆಲ್ಲ. 2023ರಲ್ಲಿ ಬಂದ 6.2ರಲ್ಲಿ ಟೈಮರ್_ಶಟ್‌ಡೌನ್_ಸಿಂಕ್ ಇದೆ, ಇಂಥ ಟೈಮರ್-ವರ್ಕ್ ಜೋಡಿಗೆಂದೇ ಮಾಡಿದ್ದು. ಅದಾದ ಮೇಲೆ ಯಾರು ಮಾಡ್_ಟೈಮರ್ ಕರೆದರೂ ಟೈಮರ್ ಏಳುವುದಿಲ್ಲ. ಹೊಸ ಡ್ರೈವರ್ ಆದರೆ ನಾನು ಡಿಲೇಡ್ ವರ್ಕ್ (ಟೈಮರ್ ಮತ್ತು ವರ್ಕ್ ಎರಡೂ ಒಂದರಲ್ಲೇ ಇರುವುದು) ಒಂದರಲ್ಲೇ ಮುಗಿಸುತ್ತೇನೆ.

ಎಂಸ್ಲೀಪ್ ಹಾಗೇ ಬಿಟ್ಟು, ರಾತ್ರಿಯಿಡೀ 10,000 ಸಲ ಲೋಡ್ ಅನ್‌ಲೋಡ್ ಮಾಡಿಸಿದೆ. ಬೆಳಿಗ್ಗೆ ಲಾಗ್ ಶುದ್ಧವಾಗಿತ್ತು. ಎಂಸ್ಲೀಪ್ ತೆಗೆದು ಪ್ಯಾಚ್ ಕಳಿಸಿದೆ. ಅದೇ ವಾರ ನಮ್ಮ ಇನ್ನೆರಡು ಡ್ರೈವರ್‌ಗಳಲ್ಲೂ ರಿಮೂವ್‌ನ ಇದೇ ಮೂರು ಹಳೆಯ ಸಾಲು ಸಿಕ್ಕವು.