ಪುಕ್ಕ ಉದುರಿದ ಕೋಳಿಗಳಿಗೆ ನಾನು ತಿನ್ನಿಸಿದ್ದು

ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದವನು ರಾತ್ರಿ ಬೆಕ್ಕು ನುಗ್ಗಿದೆ ಅಂತಲೇ ಅಂದುಕೊಂಡೆ. ನೆಲದ ತುಂಬಾ ಪುಕ್ಕ. ಎಣಿಸಿ ನೋಡಿದೆ. ಒಂಬತ್ತು ಹೇಂಟೆ, ಒಂದು ಹುಂಜ, ಎಲ್ಲವೂ ಇದ್ದವು. ರಕ್ತದ ಕಲೆ ಎಲ್ಲೂ ಇಲ್ಲ. ಕೆಂಚಿ ಮಾತ್ರ ಮೂಲೆಯಲ್ಲಿ ಬೋಳು ಕುತ್ತಿಗೆ, ಬಾಲವಿಲ್ಲದ ಹಿಂಭಾಗ ಹೊತ್ತುಕೊಂಡು, ಮುಟ್ಟಿದರೆ ಜೋಕೆ ಅನ್ನೋ ಹಾಗೆ ನಿಂತಿದ್ದಳು.

ಅದು ಕಾಯಿಲೆಯಲ್ಲ. ಕೋಳಿಗೆ ಸುಮಾರು ಒಂದೂವರೆ ವರ್ಷ ತುಂಬಿದ ಮೇಲೆ, ಹಗಲು ಕುಗ್ಗುತ್ತಾ ಬಂದಾಗ, ಹಳೆ ಪುಕ್ಕ ಕಳಚಿ ಹೊಸದು ಹುಟ್ಟುತ್ತದೆ. ಆಮೇಲೆ ಪ್ರತಿ ವರ್ಷ ಇದೇ ಕತೆ. ತಲೆ, ಕುತ್ತಿಗೆಯಿಂದ ಶುರುವಾಗಿ ಬೆನ್ನು, ಎದೆ, ರೆಕ್ಕೆ, ಕೊನೆಗೆ ಬಾಲ. ಆ ಹೊತ್ತಿನಲ್ಲಿ ಮೊಟ್ಟೆ ನಿಂತೇ ಹೋಗುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಮುಗಿಯಬೇಕು. ನನ್ನ ಕೋಳಿಗಳಿಗೆ ಆ ಮೊದಲ ಸಲ ನಾಲ್ಕು ತಿಂಗಳು ದಾಟಿತು. ಬಂದ ಪುಕ್ಕವೂ ಮಂಕು ಮಂಕು. ಇಬ್ಬರಂತೂ ಬಿದ್ದ ಪುಕ್ಕವನ್ನೇ ಹೆಕ್ಕಿ ನುಂಗುತ್ತಿದ್ದರು. ಮೊದಲು ಅದನ್ನು ನೋಡಿ ನಕ್ಕೆ. ಆಮೇಲೆ ಗೊತ್ತಾಯಿತು, ಮೇವಿನಲ್ಲಿ ಏನೋ ಸಾಲುತ್ತಿಲ್ಲ ಅನ್ನುವುದಕ್ಕೆ ಅದೂ ಒಂದು ಗುರುತು.

ಆ ವರ್ಷದ ಒಂದು ರೆಕ್ಕೆ ಗರಿಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದ್ದೆ. ಅಡ್ಡಕ್ಕೆ ತೆಳು ಗೆರೆಗಳು, ಯಾರೋ ಉಗುರಿನಿಂದ ಎಳೆದ ಹಾಗೆ. ಬಗ್ಗಿಸಿದರೆ ಗರಿ ಸರಿಯಾಗಿ ಆ ಗೆರೆಯಲ್ಲೇ ಮುರಿಯಿತು. ಗರಿ ಬೆಳೆಯುತ್ತಿದ್ದ ಹೊತ್ತಿನಲ್ಲಿ ಕೋಳಿಗೆ ಹೊಟ್ಟೆಗೆ ಸಾಲದಿದ್ದರೆ, ಹೆದರಿದ್ದರೆ, ಹುಷಾರಿಲ್ಲದಿದ್ದರೆ ಆ ದಿನಗಳು ಹೀಗೆ ಗೆರೆಯಾಗಿ ಉಳಿಯುತ್ತವೆ. ಆ ಗರಿಯನ್ನು ಈಗಲೂ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ.

ಪುಕ್ಕ ಅಂದರೆ ಬಹುಪಾಲು ಪ್ರೋಟೀನೇ. ನೂರಕ್ಕೆ 85ರಿಂದ 90 ಭಾಗ. ನಮ್ಮ ಉಗುರು, ಕೂದಲಲ್ಲಿ ಇರುವ ಕೆರಾಟಿನ್ ಅನ್ನೋ ಜಾತಿಯ ಪ್ರೋಟೀನು. ಪ್ರೋಟೀನು ಕಟ್ಟುವ ಇಟ್ಟಿಗೆಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ಗಂಧಕ ಇರುವ ಸಿಸ್ಟೀನ್ ಅನ್ನೋದು ಪುಕ್ಕದಲ್ಲಿ ಜಾಸ್ತಿ. ಸಿಸ್ಟೀನನ್ನು ಕೋಳಿಯ ಮೈ ಮೆಥಿಯೋನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದಿಂದ ಮಾಡಿಕೊಳ್ಳುತ್ತದೆ. ಮೆಥಿಯೋನಿನ್ ಮಾತ್ರ ಮೇವಿನಲ್ಲೇ ಬರಬೇಕು, ಮೈಯಲ್ಲಿ ತಯಾರಾಗುವುದಿಲ್ಲ. ಇಡೀ ಮೈಯ ಬಟ್ಟೆಯನ್ನು ಎರಡು ಮೂರು ತಿಂಗಳಲ್ಲಿ ಹೊಸದಾಗಿ ನೇಯಬೇಕು ಅಂದರೆ ಎಷ್ಟು ನೂಲು ಬೇಕು, ಯೋಚಿಸಿ.

ಇಷ್ಟು ಓದಿಕೊಂಡವನು ನೇರವಾಗಿ ಪ್ರೋಟೀನಿಗೆ ಅಂತ ಒಣಹುಳದ ಚೀಲ ತಂದುಬಿಡುತ್ತಿದ್ದೆನೇನೋ. ಅದಕ್ಕೂ ಮೊದಲು ತಕ್ಕಡಿ ಹಿಡಿದದ್ದು ಒಳ್ಳೆಯದಾಯಿತು. ನನ್ನ ಕೋಳಿಗಳ ಚೀಲದ ಮೇವು ಲೇಯರ್ ಫೀಡ್, ಅಂದರೆ ಮೊಟ್ಟೆ ಇಡುವ ಕೋಳಿಗಳ ಮೇವು, ಅದರಲ್ಲಿ ಪ್ರೋಟೀನು 16 ಶೇಕಡಾ. ಒಂದು ಹೇಂಟೆ ದಿನಕ್ಕೆ ಸುಮಾರು 115 ಗ್ರಾಂ ತಿನ್ನುತ್ತದೆ. ಬರೀ ಅದನ್ನೇ ತಿಂದರೆ 18 ಗ್ರಾಂಗಿಂತ ಸ್ವಲ್ಪ ಜಾಸ್ತಿ ಪ್ರೋಟೀನು ಸಿಗುತ್ತದೆ. ಆದರೆ ನಾನು ಬೆಳಿಗ್ಗೆ, ಸಂಜೆ ಪ್ರೀತಿಯಿಂದ ಮುಸುಕಿನ ಜೋಳ ಎರಚುತ್ತಿದ್ದೆ. ನಾನು ಬಂದರೆ ಸಾಕು, ರೆಕ್ಕೆ ಬಡಿದುಕೊಂಡು ಓಡಿ ಬರುತ್ತಿದ್ದವು. ಆ ಖುಷಿಗೆ ಯಾರು ಅಳೆಯುತ್ತಾರೆ? ಅಳೆದೆ. ದಿನಕ್ಕೆ 350 ಗ್ರಾಂ, ಅಂದರೆ ತಲೆಗೆ 35 ಗ್ರಾಂ.

ಜೋಳದಲ್ಲಿ ಪ್ರೋಟೀನು ಎಂಟು ಒಂಬತ್ತು ಶೇಕಡಾ ಅಷ್ಟೇ. ಹೊಟ್ಟೆಯಲ್ಲಿ ಜಾಗ ಅಷ್ಟೇ ಇರುವುದು, ಅಲ್ವಾ? 35 ಗ್ರಾಂ ಜೋಳ ಹೋದರೆ ಒಳ್ಳೆಯ ಮೇವು 80 ಗ್ರಾಂಗೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಒಟ್ಟು ಪ್ರೋಟೀನು ಹೆಚ್ಚುಕಡಿಮೆ 16 ಗ್ರಾಂ. ಶೇಕಡಾವಾರು ನೋಡಿದರೆ 14ಕ್ಕೂ ಕಡಿಮೆ. ಚೀಲದ ಮೇಲೆ 16 ಅಂತ ಬರೆದಿದ್ದನ್ನು ನಾನೇ ಕೈಯಾರೆ ಇಳಿಸಿದ್ದೆ. ಹಾಗಾಗಿ ನನ್ನ ಮೊದಲ ‘ಪ್ರೋಟೀನ್ ಚಿಕಿತ್ಸೆ’ ಅಂದರೆ ಜೋಳ ನಿಲ್ಲಿಸಿದ್ದು. ಕೋಳಿಗಳು ಒಂದು ವಾರ ನನ್ನ ಮೇಲೆ ಮುನಿಸಿಕೊಂಡವು.

ಮೇವು ಬದಲಿಸುವ ಮೊದಲು ಇನ್ನೊಂದು ಕೆಲಸ ಇದೆ. ಪುಕ್ಕ ಯಾಕೆ ಹೋಗಿದೆ ಅಂತ ನೋಡಬೇಕು. ಬೋಳು ಜಾಗದಲ್ಲಿ ಬೆರಳಾಡಿಸಿ. ನಯವಾದ ಚರ್ಮ, ಅಲ್ಲಲ್ಲಿ ಹೊಸ ಮೊಳಕೆ ಇದ್ದರೆ ಪುಕ್ಕ ತಾನಾಗಿ ಉದುರಿದೆ. ಬುಡದಲ್ಲಿ ಮುರಿದ ಕಡ್ಡಿಗಳು ಚುಚ್ಚಿದರೆ ಯಾರೋ ಕಿತ್ತಿದ್ದಾರೆ ಅಥವಾ ತುಳಿದಿದ್ದಾರೆ. ಗುದದ ಸುತ್ತ ಪುಕ್ಕದ ಬುಡಕ್ಕೆ ಬೆಳ್ಳಗೆ ಗಂಟು ಗಂಟಾಗಿ ಅಂಟಿದ್ದರೆ ಅದು ಹೇನಿನ ಮೊಟ್ಟೆ. ಕೆಂಪು ನುಸಿ ಹಗಲಲ್ಲಿ ಕಾಣುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಕೋಳಿ ಕೂರುವ ಕೋಲಿನ ಅಡಿಭಾಗ, ಸಂದುಗಳನ್ನು ನೋಡಬೇಕು. ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಕೆಂಪು ಕಲೆ ಬಂದರೆ ಇದೆ ಅಂತ ಅರ್ಥ. ಇವು ರಕ್ತ ಹೀರುತ್ತಿರುವಾಗ ನೀವು ಏನು ತಿನ್ನಿಸಿದರೂ ಸುಮ್ನೆ ದಂಡ.

ಮುಂದಿನ ವರ್ಷ ಮೊದಲ ಪುಕ್ಕ ಬಿದ್ದ ದಿನವೇ ಶುರು ಮಾಡಿದೆ. ಆಗ ಎಲ್ಲರೂ ಹೇಳುವ ಉಪಾಯ ಮೊಟ್ಟೆ. ಬೇಯಿಸಿ ಪುಡಿ ಮಾಡಿ ಹಾಕಿ ಅನ್ನುತ್ತಾರೆ. ಹಾಕಿದೆ, ದಿನಕ್ಕೆ ಮೂರು. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನು, ಮೂರರಿಂದ 18 ಗ್ರಾಂ, ಹತ್ತು ಕೋಳಿಗೆ ಹಂಚಿದರೆ ತಲೆಗೆ ಎರಡು ಗ್ರಾಂ ಕೂಡ ಇಲ್ಲ! ಅದೂ ಕರಿ ಅನ್ನೋ ಹೇಂಟೆಯಂಥ ದಾದಾಗಿರಿಯವಳು ಬಿಟ್ಟುಕೊಟ್ಟರೆ. ಬೇಡ ಅಂತಲ್ಲ. ಮೊಟ್ಟೆಯ ಪ್ರೋಟೀನು ತುಂಬಾ ಒಳ್ಳೆಯ ಗುಣದ್ದು, ಮೆಥಿಯೋನಿನ್ ಚೆನ್ನಾಗಿದೆ. ಸೊರಗಿದ ಒಂದೆರಡು ಕೋಳಿಗೆ ಬೇರೆ ಕೂರಿಸಿ ಕೊಟ್ಟರೆ ಉಪಯೋಗ ಕಾಣುತ್ತದೆ. ಇಡೀ ಗುಂಪಿಗೆ ಅದು ಸಾಲದು.

ಸಾಲುವಂಥದ್ದು ಅಂದರೆ ಚೀಲದ ಮೇವನ್ನೇ ಬದಲಿಸುವುದು. ಲೇಯರ್ ಬದಲು 20 ಶೇಕಡಾ ಪ್ರೋಟೀನಿರುವ ಬೆಳೆಯುವ ಕೋಳಿಯ ಮೇವು ಹಾಕಿದೆ. ಅದೇ 115 ಗ್ರಾಂನಲ್ಲಿ 23 ಗ್ರಾಂ ಸಿಕ್ಕಿತು, ಮೊದಲಿಗಿಂತ ನಾಲ್ಕೂವರೆ ಗ್ರಾಂ ಜಾಸ್ತಿ. ಮೊಟ್ಟೆ ಬೇಯಿಸುವ, ಪುಡಿ ಮಾಡುವ ಗಲಾಟೆ ಇಲ್ಲ. ದಾದಾಗಿರಿಗೂ ಜಾಗವಿಲ್ಲ, ಯಾಕೆಂದರೆ ಪ್ರತಿ ಕೊಕ್ಕಿಗೂ ಅದೇ. ಐದಾರು ದಿನ ಹಳೆಯದರ ಜೊತೆ ಬೆರೆಸಿ ನಿಧಾನಕ್ಕೆ ಬದಲಿಸಿದೆ. ಒಮ್ಮೆಲೇ ಬದಲಿಸಿದರೆ ತಿನ್ನುವುದನ್ನೇ ಕಮ್ಮಿ ಮಾಡುತ್ತವೆ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಲೇಯರ್ ಮೇವಿನಲ್ಲಿ ಸುಣ್ಣದ ಅಂಶ ನಾಲ್ಕು ಶೇಕಡಾ ಹತ್ತಿರ ಇರುತ್ತದೆ, ಮೊಟ್ಟೆ ಚಿಪ್ಪಿಗೆ ಬೇಕಲ್ಲ. ಮೊಟ್ಟೆ ಇಡದ ಕೋಳಿಗೆ, ಹುಂಜಕ್ಕೆ ಅಷ್ಟು ಬೇಕಿಲ್ಲ, ಅದು ಮೂತ್ರಪಿಂಡಕ್ಕೆ ಭಾರ. ಬೆಳೆಯುವ ಕೋಳಿಯ ಮೇವಿನಲ್ಲಿ ಅದು ಕಡಿಮೆ. ಇನ್ನೂ ಮೊಟ್ಟೆ ಇಡುತ್ತಿರುವವರಿಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಟ್ಟೆ. ಯಾರಿಗೆ ಬೇಕೋ ಅವರು ಹೋಗಿ ತಿನ್ನುತ್ತಾರೆ. ಒಂದು ಎಚ್ಚರಿಕೆ. ಮರಿ ಮತ್ತು ಬೆಳೆಯುವ ಕೋಳಿಯ ಕೆಲವು ಮೇವಿನಲ್ಲಿ ಔಷಧಿ ಬೆರೆಸಿರುತ್ತಾರೆ. ಚೀಲದ ಚೀಟಿ ಓದಿ, ಔಷಧಿ ಇಲ್ಲದ್ದನ್ನೇ ತನ್ನಿ. ಇಲ್ಲದಿದ್ದರೆ ಮೊಟ್ಟೆ ತಿನ್ನುವವರಿಗೆ ಅದು ಬೇರೆಯೇ ತಲೆನೋವು.

ಇನ್ನು ಮೇಲೋಗರದ ವಿಷಯ. ಒಣಗಿದ ಮೀಲ್‌ವರ್ಮ್ ಹುಳದಲ್ಲಿ ಅರ್ಧಕ್ಕರ್ಧ ಪ್ರೋಟೀನು, ಆದರೆ ಕಾಲು ಭಾಗದಷ್ಟು ಕೊಬ್ಬು ಕೂಡ. ತಲೆಗೆ ಐದು ಗ್ರಾಂ ದಾಟಿಸಲಿಲ್ಲ. ಸಂಜೆ ಗೂಡಿಗೆ ಕರೆಯುವಾಗ ಡಬ್ಬ ಅಲ್ಲಾಡಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಹಿಂಡಿಗಳಲ್ಲಿ ಸೋಯಾ ಹಿಂಡಿ 44ರಿಂದ 48 ಶೇಕಡಾ ಪ್ರೋಟೀನು ಇರುವ ದೊಡ್ಡಣ್ಣ. ಆದರೆ ಅದಕ್ಕೆ ಮೆಥಿಯೋನಿನ್ ಕೊರತೆ. ಕಡಲೆಕಾಯಿ ಹಿಂಡಿಗೂ ಅದೇ ಕೊರತೆ, ಮೇಲಾಗಿ ಬೂಷ್ಟು ಬೇಗ ಹಿಡಿದು ವಿಷವಾಗುತ್ತದೆ. ಎಳ್ಳು ಹಿಂಡಿ, ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಹಾಗಾಗಿ ಪುಕ್ಕಕ್ಕೆ ಅಂತ ಹಿಂಡಿ ಹಾಕುವುದಾದರೆ ಸೋಯಾ ಒಂದನ್ನೇ ನೆಚ್ಚುವುದಕ್ಕಿಂತ ಇವನ್ನು ಸ್ವಲ್ಪ ಬೆರೆಸುವುದೇ ನನಗೆ ಸರಿ ಕಂಡಿತು. ಹಸಿ ಸೋಯಾ ಕಾಳು, ಹಸಿ ಹುರುಳಿಕಾಯಿ ಬೀಜ ಯಾವತ್ತೂ ಬೇಡ. ಬೇಯಿಸದ ಸೋಯಾ ಹೊಟ್ಟೆಯಲ್ಲಿ ಪ್ರೋಟೀನು ಅರಗುವುದನ್ನೇ ತಡೆಯುತ್ತದೆ, ಹುರುಳಿಕಾಯಿ ಬೀಜ ಹಸಿಯಾಗಿದ್ದರೆ ವಿಷ.

ಒಣ ಮೀನಿನಲ್ಲಿ ನಾನು ಪೆಟ್ಟು ತಿಂದೆ. ಮೀನಿನಲ್ಲಿ ಮೆಥಿಯೋನಿನ್ ಜಾಸ್ತಿ ಅಂತ ಓದಿ, ಉಪ್ಪು ಹಾಕಿ ಒಣಗಿಸಿದ್ದನ್ನು ಹಾಗೇ ಕುಟ್ಟಿ ಎರಡು ಹಿಡಿ ಮೇವಿಗೆ ಬೆರೆಸಿಬಿಟ್ಟೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನೀರಿನ ಪಾತ್ರೆ ಖಾಲಿ. ಹಿಕ್ಕೆ ನೀರು ನೀರು, ನೆಲಕ್ಕೆ ಹಾಸಿದ ಹೊಟ್ಟು ಪೂರ್ತಿ ಕೆಸರು. ಕೋಳಿಗೆ ಹೆಚ್ಚು ಉಪ್ಪು ಆಗಿಬರುವುದಿಲ್ಲ, ಇನ್ನೂ ಜಾಸ್ತಿ ಆಗಿದ್ದರೆ ಸಾಯುತ್ತಲೂ ಇದ್ದವು. ತಕ್ಷಣ ಆ ಮೇವು ತೆಗೆದು ಹಾಕಿ, ಶುದ್ಧ ನೀರು ಇಟ್ಟೆ. ಆಮೇಲೆ ಉಪ್ಪಿಲ್ಲದ ಒಣ ಮೀನಿಗೆ ಬದಲಾಯಿಸಿದೆ. ಆಗ ಬೇರೆ ತಕರಾರು. ಇನ್ನೂ ಮೊಟ್ಟೆ ಇಡುತ್ತಿದ್ದ ಕಂದು ಮೊಟ್ಟೆಯ ಒಬ್ಬಳ ಮೊಟ್ಟೆ ಒಡೆದರೆ ಮೀನಿನ ವಾಸನೆ. ಕಂದು ಮೊಟ್ಟೆ ಇಡುವ ಕೆಲವು ಕೋಳಿಗಳಿಗೆ ಮೀನಿನಿಂದ ಬರುವ ಆ ವಾಸನೆಯ ಅಂಶವನ್ನು ಮೈಯಲ್ಲಿ ಕರಗಿಸಿಕೊಳ್ಳಲು ಆಗುವುದಿಲ್ಲ, ಅದು ನೇರ ಮೊಟ್ಟೆಗೆ ಬರುತ್ತದೆ. ಮನೆಯವರು ಯಾರೂ ಮುಟ್ಟಲಿಲ್ಲ. ಆ ಮೊಟ್ಟೆಯನ್ನೇ ಬೇಯಿಸಿ ಮತ್ತೆ ಕೋಳಿಗೆ ಹಾಕಿದೆ.

ಉತ್ಸಾಹಕ್ಕೆ ಇನ್ನೊಂದು ಮಿತಿ ತೋರಿಸಿದ್ದು ನನ್ನ ಮೂಗು. ಹುಳ, ಹಿಂಡಿ, ಮೀನು, 20ರ ಮೇವು ಎಲ್ಲಾ ಒಟ್ಟಿಗೆ ಸುರಿದ ವಾರ ಗೂಡಿನೊಳಗೆ ಬಗ್ಗಿದರೆ ಕಣ್ಣು ಉರಿಯುತ್ತಿತ್ತು. ಮೈಗೆ ಬೇಡದ ಪ್ರೋಟೀನನ್ನು ಕೋಳಿ ಹಿಕ್ಕೆಯಲ್ಲಿ ಬಿಳಿಯಾಗಿ ಹೊರಗೆ ಹಾಕುತ್ತದೆ, ಅದು ಕೊಳೆತು ಅಮೋನಿಯಾ ಆಗುತ್ತದೆ. ಪುಕ್ಕಕ್ಕೆ ಅಂತ ಕೊಟ್ಟಿದ್ದು ಶ್ವಾಸಕ್ಕೆ ತೊಂದರೆ ಮಾಡಿದರೆ ಏನು ಸುಖ? ಮೀನು, ಹಿಂಡಿ ಎರಡನ್ನೂ ಬಿಟ್ಟು 20ರ ಮೇವು, ಸಂಜೆಗೆ ಒಂದಿಷ್ಟು ಹುಳ, ಅಷ್ಟಕ್ಕೇ ನಿಂತೆ. ವಾಸನೆ ಹೋಯಿತು.

ಎರಡು ವಾರ ಕಳೆದ ಮೇಲೆ ಕೆಂಚಿಯ ಕುತ್ತಿಗೆಯಲ್ಲಿ ಮುಳ್ಳುಹಂದಿಯ ಹಾಗೆ ನೀಲಿ ಮೊಳಕೆಗಳು ಎದ್ದವು. ಒಂದೊಂದೂ ಬೆಳ್ಳನೆಯ ಕೊಳವೆಯೊಳಗೆ ಸುತ್ತಿಟ್ಟ ಗರಿ. ಒಳಗೆ ರಕ್ತ ಹರಿಯುತ್ತಿರುತ್ತದೆ, ಅದಕ್ಕೇ ಮುಟ್ಟಿದರೆ ನೋವು. ನನಗೆ ಇದು ಗೊತ್ತಿದ್ದೂ ಚುಕ್ಕಿಯ ರೆಕ್ಕೆ ಬಿಡಿಸಿ ನೋಡುವ ಆಸೆಗೆ ಹಿಡಿದೆ. ಅವಳು ಕೊಸರಾಡಿ ಒಂದು ಮೊಳಕೆ ಮುರಿಯಿತು. ಅಷ್ಟು ಚಿಕ್ಕ ಕಡ್ಡಿಯಿಂದ ಅಷ್ಟು ರಕ್ತ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಕೆಳಗೆ ಬಿಟ್ಟರೆ ಉಳಿದವು ಕೆಂಪು ಕಂಡು ಕುಕ್ಕಲು ಬಂದೇ ಬಂದವು. ಕಾರ್ನ್‌ಫ್ಲೋರ್ ಒತ್ತಿ ಹಿಡಿದು ರಕ್ತ ನಿಲ್ಲಿಸಿ, ಎರಡು ದಿನ ಬುಟ್ಟಿಯಲ್ಲಿ ಕತ್ತಲಲ್ಲಿ ಇಟ್ಟೆ. ಅವತ್ತಿಂದ ಪುಕ್ಕ ಹುಟ್ಟುವ ಕಾಲದಲ್ಲಿ ನಾನು ಕೋಳಿ ಎತ್ತುವುದಿಲ್ಲ. ಹೊಸ ಕೋಳಿ ಸೇರಿಸುವುದು, ಗೂಡು ಬದಲಿಸುವುದೂ ಆಗ ಬೇಡ.

ಆಮೇಲಿನದು ನೋಡುತ್ತಾ ಕೂರುವ ಕೆಲಸ. ಕೊಕ್ಕಿನಿಂದ ತಿಕ್ಕಿ ತಿಕ್ಕಿ ಕೊಳವೆ ಒಡೆಯುತ್ತವೆ, ತಲೆಹೊಟ್ಟಿನ ಹಾಗೆ ಬಿಳಿ ಪುಡಿ ನೆಲದ ಮೇಲೆ ಉದುರುತ್ತದೆ. ಅದನ್ನು ಕಾಯಿಲೆ ಅಂದುಕೊಂಡು ಗಾಬರಿ ಆಗಬೇಡಿ. ರೆಕ್ಕೆಯ ದೊಡ್ಡ ಗರಿ ಪೂರ್ತಿ ಆಗಲು ಆರೇಳು ವಾರ ಹಿಡಿಯಿತು, ಯಾವ ಮೇವೂ ಅದನ್ನು ವಾರಕ್ಕೆ ಇಳಿಸುವುದಿಲ್ಲ. ಕೆಂಚಿ ಹನ್ನೊಂದನೇ ವಾರಕ್ಕೆ ಪೂರ್ತಿ ತುಂಬಿಕೊಂಡಳು. ಹಿಂದಿನ ವರ್ಷಕ್ಕಿಂತ ಒಂದೂವರೆ ತಿಂಗಳು ಬೇಗ. ಉದುರಿದ ಪುಕ್ಕ ತಿನ್ನುವುದು ಜೋಳ ನಿಲ್ಲಿಸಿದ ಎರಡು ಮೂರು ವಾರಕ್ಕೇ ಹೋಗಿತ್ತು. ಹೊಸ ಗರಿ ಬೆಳಕಿಗೆ ಹಿಡಿದು ನೋಡಿದೆ, ಗೆರೆ ಒಂದೇ ಒಂದು. ಅದು ಉಪ್ಪು ಮೀನಿನ ವಾರದ್ದೇ ಇರಬೇಕು ಅಂತ ನನ್ನ ಗುಮಾನಿ.

ಜುಟ್ಟು ಮತ್ತೆ ಕೆಂಪಾಗಿ, ಮೊದಲ ಮೊಟ್ಟೆ ಕಂಡ ಮೇಲೆ ನಿಧಾನಕ್ಕೆ ಲೇಯರ್ ಮೇವಿಗೆ ವಾಪಸ್ ಬಂದೆ. ಜೋಳ ಈಗಲೂ ಕೊಡುತ್ತೇನೆ, ತಲೆಗೆ ಹತ್ತು ಗ್ರಾಂ, ಅಳೆದು.

ಕರಿಯ ಬೆನ್ನು ಮಾತ್ರ ಇನ್ನೂ ಬೋಳು. ಅವಳಿಗೂ ಅದೇ ಮೇವು, ಅದೇ ಹುಳ. ಹೊಸ ಪುಕ್ಕ ಎಲ್ಲರ ಹಾಗೆ ಅವಳಿಗೂ ಬಂದಿತ್ತು. ಆದರೆ ಹುಂಜನಿಗೆ ಅವಳ ಮೇಲೇ ಪ್ರೀತಿ ಜಾಸ್ತಿ, ಏರಿ ಏರಿ ತುಳಿದು ಬುಡದಲ್ಲೇ ಮುರಿದುಬಿಟ್ಟ. ಪೂರ್ತಿ ಕಿತ್ತುಹೋದ ಪುಕ್ಕ ತಾನಾಗಿ ಮತ್ತೆ ಹುಟ್ಟುತ್ತದೆ. ಮುರಿದ ಕಡ್ಡಿ ಒಳಗೇ ಕೂತಿದ್ದರೆ ಅದು ಮುಂದಿನ ಸಲ ಉದುರುವವರೆಗೂ ಹೊಸದು ಬರುವುದಿಲ್ಲ. ಹುಂಜನ ಕಾಲಿನ ಮುಳ್ಳು ಮೊಂಡು ಮಾಡಿದ್ದೇನೆ, ಕರಿಗೆ ಬಟ್ಟೆಯ ಒಂದು ಬೆನ್ನುಕವಚ ಹೊಲಿದು ಕಟ್ಟಿದ್ದೇನೆ. ಎರಡು ಸಲ ಕಿತ್ತು ಹಾಕಿದಳು. ಮೂರನೆಯದು ನಿನ್ನೆಯಿಂದ ಅವಳ ಮೈಮೇಲಿದೆ.