ಮೂರನೇ ಸಲಕ್ಕೆ ಹತ್ತಿದೆ

ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ 5,289 ಮೀಟರು. ನಮ್ಮ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ 1,748. ಮೂರು ತಡಿಯಂಡಮೋಳ್ ಒಂದರ ಮೇಲೊಂದು ಪೇರಿಸಿದರೂ ನಲವತ್ತು ಚಿಲ್ಲರೆ ಮೀಟರು ಕಮ್ಮಿ ಬೀಳುತ್ತದೆ. ಈ ಲೆಕ್ಕ ಹಾಕಿ ನನ್ನನ್ನು ಆಡಿಕೊಂಡವರು ಪಕ್ಕದ ತೋಟದ ಮಾವ. "ಇಂಬಳ ಕಚ್ಚಿಸಿಕೊಂಡು ಬೆಳೆದವನಿಗೆ ಹಿಮ ಯಾಕೆ ಮಾರಾಯ?" ಅಂದರು. ಎರಡು ಸಲ ಸೋತು ಬಂದಾಗ ಅವರು ಹೇಳಿದ್ದೇ ಸರಿ ಅನ್ನಿಸಿತ್ತು. ಈ ಮೇ ತಿಂಗಳಲ್ಲಿ ಹತ್ತಿದೆ, 48ನೇ ವಯಸ್ಸಿಗೆ.

ಮೊದಲ ಸಲದ ತಪ್ಪು ಅವಸರ. ಮೆಣಸು ಕೊಯ್ದಾಗಿತ್ತು, ಕಾಫಿಯ ಹೂ ಮಳೆ, ಅದರ ಹಿಂದೆ ಬೀಳುವ ಬ್ಯಾಕಿಂಗ್ ಮಳೆ ಎರಡೂ ಮುಗಿದಿತ್ತು, ತೋಟದಲ್ಲಿ ಹತ್ತು ದಿನ ಬಿಡುವು. ಮನಾಲಿಯಲ್ಲಿ ಒಂದೇ ರಾತ್ರಿ ಇದ್ದು ಸೀದಾ ಬಕರ್‌ಥಾಚ್ ಕ್ಯಾಂಪಿಗೆ ಹೋದೆ. ಅದಕ್ಕೂ ಮೇಲಿನ ಲೇಡಿ ಲೆಗ್ ಕ್ಯಾಂಪಲ್ಲಿ ತಲೆನೋವು, ವಾಂತಿ. ಆದರೂ ಬೆಳಗಿನ ಜಾವ ಮೂರಕ್ಕೆ ಹೊರಟೆ. ಎಂಟು ಗಂಟೆಗೆ ಬಿಸಿಲು ಬಿದ್ದದ್ದೇ ತಡ, ಹಿಮ ನೆನೆದ ಅವಲಕ್ಕಿ ಥರ ಆಯಿತು. ಕಾಲು ತೊಡೆತನಕ ಹೂತು ಹೋಗುತ್ತಿತ್ತು, ಒಂದನ್ನು ಕಿತ್ತರೆ ಇನ್ನೊಂದು ಒಳಗೆ. ವಾಪಸ್ ಬಂದೆ. ಸುಮಾರು 45 ಸಾವಿರ ನೀರಿಗೆ ಹೋಯಿತು. ಬಾಡಿಗೆ ಬೂಟು ಒಂದು ಸೈಜ್ ಚಿಕ್ಕದು, ಇಳಿಯುವಾಗ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿ ಉದುರಿದವು. ಅಂಗಡಿಯವನು ಡೆಪಾಸಿಟ್ಟಿನಲ್ಲೂ 500 ಹಿಡಿದುಕೊಂಡ.

ಆಮೇಲೆ ಕೂತು ಯೋಚಿಸಿದೆ. ನನ್ನ ವೇಗ ಇನ್ನು ಹೆಚ್ಚಾಗುವುದಿಲ್ಲ. ಹಿಮ ಗಟ್ಟಿ ಇರುವ ಹೊತ್ತೂ ಹೆಚ್ಚಾಗುವುದಿಲ್ಲ. ಹಾಗಾದರೆ ಬೇಗ ಹೊರಡುವುದೊಂದೇ ದಾರಿ, ಅಲ್ವಾ? ರಾತ್ರಿ ಹನ್ನೊಂದಕ್ಕೇ. ಗೈಡ್ ನಕ್ಕ. ಅಷ್ಟು ಬೇಗ ಹೋದರೆ ಕತ್ತಲಲ್ಲೇ ತುದಿ ಮುಟ್ಟಿ ಚಳಿಗೆ ಸಾಯ್ತೀರಿ ಅಂದ. ನನ್ನ ನಡಿಗೆ ಅವನು ನೋಡಿರಲಿಲ್ಲ!

ಎರಡನೇ ಸಲ ಹನ್ನೊಂದಕ್ಕೆ ಹೊರಟೆ, ಆದರೂ ಆಗಲಿಲ್ಲ. ರಾತ್ರಿಯಿಡೀ ಮೋಡ ಮುಚ್ಚಿತ್ತು. ಮೋಡ ಕಂಬಳಿ ಹೊದಿಸಿದ ಹಾಗೆ, ಹಗಲು ಕರಗಿದ್ದು ಮತ್ತೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಮೇಲಿನ ಪದರ ಹಪ್ಪಳದ ಥರ ಮುರಿಯುತ್ತಿತ್ತು, ಒಳಗೆ ಸಕ್ಕರೆ. ಮತ್ತೆ ಸುಮಾರು 40 ಸಾವಿರ. ಮನೆಯಲ್ಲಿ ಸ್ಪ್ರಿಂಕ್ಲರ್ ಪೈಪ್ ತರಬೇಕಿತ್ತು, ಆ ದುಡ್ಡು ಇದು. ಹೆಂಡತಿ ಮೂರು ದಿನ ಮಾತಾಡಲಿಲ್ಲ.

ತಯಾರಿ ಮಾತ್ರ ನಮ್ಮೂರಲ್ಲೇ ಚೆನ್ನಾಗಿ ಆಗುತ್ತದೆ. ಭಾರ ಹೊರುವ ಅಭ್ಯಾಸಕ್ಕೆ ಹಲವರು ಬ್ಯಾಗಲ್ಲಿ ನೀರು ತುಂಬಿ ಹತ್ತಿ, ಮೇಲೆ ಚೆಲ್ಲಿ ಇಳಿಯುತ್ತಾರೆ. ನಾನು 18 ಕಿಲೋ ಚೆರಿ ಕಾಫಿ ಹೊತ್ತು ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ಹತ್ತಿ, ಅದನ್ನೇ ಹೊತ್ತು ಇಳಿದೆ. ಯಾಕೆಂದರೆ ನಾನು ಎರಡು ಸಲವೂ ಸುಸ್ತಾಗಿ ಬಿದ್ದದ್ದು ಇಳಿಯುವಾಗ. ಬಂಡೆ ಹತ್ತುವ ಅಭ್ಯಾಸಕ್ಕೆ ಬೀದಳ್ಳಿ ಕಡೆಯಿಂದ ಪುಷ್ಪಗಿರಿ. ಇನ್ನು ರಾತ್ರಿ ನಡಿಗೆ. ತೋಟದಲ್ಲಿ ನಡೆಯೋಣ ಅಂದರೆ ಆನೆ. ಹಾಗಾಗಿ ರಾತ್ರಿ ಹನ್ನೊಂದಕ್ಕೆ ಎದ್ದು ಮನೆಯ 19 ಮೆಟ್ಟಿಲನ್ನೇ ಎರಡು ಗಂಟೆ ಹತ್ತಿ ಇಳಿದೆ, ನಾಯಿಯೂ ಜೊತೆಗೆ. ಜಾರಿದರೆ ಐಸ್ ಆಕ್ಸ್ (ಹಿಮಕ್ಕೆ ಊರುವ ಕೊಡಲಿ) ಊರಿ ನಿಲ್ಲುವುದನ್ನು ಕಾಫಿ ಒಣಗಿಸುವ ಟಾರ್ಪಾಲಿಗೆ ಸೋಪಿನ ನೀರು ಹಾಕಿ ಇಳಿಜಾರಲ್ಲಿ ಕಲಿಯಲು ನೋಡಿದೆ. ಟಾರ್ಪಾಲು ಹರಿಯಿತು, ಮೊಣಕೈ ತರಚಿತು. ಅದನ್ನು ಹಿಮದಲ್ಲೇ ಕಲಿಯಬೇಕು.

ಬೂಟಿನೊಳಗೆ ಹಿಮ ಹೋಗದ ಹಾಗೆ ಕಾಲಿಗೆ ಸುತ್ತುವ ಗೇಟರ್ ಬದಲು ಇಂಬಳದ ಸಾಕ್ಸ್ ಹಾಕಿದ್ದೂ ಉಂಟು. ಹತ್ತಿ ಬಟ್ಟೆ, ಒದ್ದೆಯಾಗಿ ತಗಡಿನ ಥರ ಹೆಪ್ಪುಗಟ್ಟಿತು. ಗೊಬ್ಬರದ ಚೀಲದಲ್ಲಿ ಹೊಲಿಸಿದ ಗೇಟರ್ ಮಾತ್ರ ಪರವಾಗಿಲ್ಲ, 60 ರೂಪಾಯಿ ಖರ್ಚು. ಅಕ್ಕಿ ರೊಟ್ಟಿ ಬೇಡ, ಕಲ್ಲಾಗುತ್ತದೆ. ನೀರಿನ ಬಾಟಲಿ ಹೆಪ್ಪುಗಟ್ಟದ ಹಾಗೆ ಒಂದು ಉಪಾಯ ಮಾಡಿದ್ದೇನೆ, ಅದನ್ನು ಹೇಳುವುದಿಲ್ಲ. ಗೈಡೇ ಕೇಳಿದ, ಅವನಿಗೂ ಹೇಳಲಿಲ್ಲ.

ಮೂರನೇ ಸಲ ಮನಾಲಿ, ಸೋಲಾಂಗ್ ಸೇರಿ ನಾಲ್ಕು ರಾತ್ರಿ ಸುಮ್ನೆ ಇದ್ದೆ. ಲೇಡಿ ಲೆಗ್‌ನಲ್ಲಿ ಮೊದಲ ರಾತ್ರಿ ಮೋಡ. ಟೆಂಟಿನಿಂದ ಹೊರಗೆ ಬಂದು ಹಿಮ್ಮಡಿಯಲ್ಲಿ ಗುದ್ದಿದೆ, ಕಾಲು ಒಳಗೆ ಹೋಯಿತು, ತಿರುಗಿ ಮಲಗಿದೆ. ಮರುದಿನ ನಕ್ಷತ್ರ. ಹಿಮ್ಮಡಿ ಗುದ್ದಿದರೆ ಸಿಮೆಂಟ್ ನೆಲದ ಸದ್ದು. ಹೊರಟೆವು. ಬೂಟಿನಡಿ ಕಟ್ಟಿದ ಕ್ರಾಂಪಾನ್ ಹಲ್ಲು ಹಿಮವನ್ನು ಕರಕರ ಕಚ್ಚುತ್ತಿತ್ತು. ನೂರು ಹೆಜ್ಜೆ, ಒಂದು ನಿಲುಗಡೆ, ಅಷ್ಟೇ ನನ್ನ ಲೆಕ್ಕ. ಕೊನೆಯ ಏರಲ್ಲಿ ಕಲ್ಲು, ಹಿಮ ಎರಡೂ ಬೆರೆತಿತ್ತು, ಕ್ರಾಂಪಾನ್ ಕಲ್ಲಿಗೆ ಉಜ್ಜುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಆರೂ ಕಾಲೋ ಆರೂವರೆಯೋ, ತುದಿಯಲ್ಲಿದ್ದೆ. ಹನುಮಾನ್ ಟಿಬ್ಬಾ ಶಿಖರಕ್ಕೆ ಬಿಸಿಲು ಬಿದ್ದಿತ್ತು. ಕಾಲ್ಬೆರಳು ಮರಗಟ್ಟಿದ್ದರಿಂದ ಹತ್ತು ನಿಮಿಷವೂ ನಿಲ್ಲಲಿಲ್ಲ. ಇಳಿಯುವಾಗ ಬಿಸಿಲೇರಿ ಕ್ರಾಂಪಾನ್ ಅಡಿಗೆ ಹಿಮ ಉಂಡೆ ಕಟ್ಟತೊಡಗಿತು, ಹೆಜ್ಜೆಗೊಂದು ಸಲ ಆಕ್ಸ್ ಹಿಡಿಯಿಂದ ಬೂಟಿಗೆ ಬಡಿದು ಉದುರಿಸಬೇಕು. ಒಂಬತ್ತೂವರೆಗೆ ಟೆಂಟು. ಮೂರಕ್ಕೆ ಹೊರಟಿದ್ದ ಇನ್ನೊಂದು ತಂಡದ ಹುಡುಗರು ಆಗ ಮೇಲೆ ಸೊಂಟದತನಕ ಹೂತು ಒದ್ದಾಡುತ್ತಿದ್ದರು. ಗೈಡ್ ನನ್ನ ಕಡೆ ನೋಡಿದ, ಏನೂ ಹೇಳಲಿಲ್ಲ.

ಖರ್ಚು ಈ ಸಲ 52 ಸಾವಿರದ ಹತ್ತಿರ, ಸ್ವಂತ ಬೂಟು ಬಿಟ್ಟು. ಹಿಮದಿಂದ ಮೇಲೆ ಪುಟಿಯುವ ಬಿಸಿಲಿಗೆ ಮೂಗಿನ ಹೊಳ್ಳೆ ಒಳಗೂ ಸುಟ್ಟು ಸಿಪ್ಪೆ ಏಳುತ್ತಿತ್ತು. ಊರಿಗೆ ಬಂದ ಮರುದಿನ ಮಾವ ಬಂದು ಮೂಗು ನೋಡಿ, "ಇದಕ್ಕಾ ಅಷ್ಟು ದುಡ್ಡು ಕೊಟ್ಟದ್ದು?" ಅಂದು ಕಾಫಿ ಕುಡಿದು ಹೋದರು. ಫೋಟೋ ತೋರಿಸ್ತೀನಿ ಅಂದರೆ ಕನ್ನಡಕ ತಂದಿಲ್ಲ ಅಂದರು.