ಬೆಳಿಗ್ಗೆ ಹತ್ತಕ್ಕೆ ಹಾಕು, ಸಂಜೆ ನಾಲ್ಕಕ್ಕೆ ತೆಗೆ

ಮೇಕೆಯ ಮಜ್ಜೆಯಿಂದ ತೆಗೆದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಮೃದ್ವಸ್ಥಿ, ಅಂದರೆ ಕೀಲಿನ ಮೆದು ಎಲುಬು, ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಎರಡೂವರೆ ಲಕ್ಷ ಕೋಶ, ಟಿಜಿಎಫ್-ಬೀಟಾ 3 ಎಂಬ ಬೆಳವಣಿಗೆಯ ಪ್ರೋಟೀನು, ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್, ಮೂರು ವಾರ, ಪೆಲೆಟ್ ಎಂಬ ಪುಟ್ಟ ಉಂಡೆ ಆಗುತ್ತದೆ. ತೊಂದರೆಯೆಂದರೆ ಅದು ಅಲ್ಲಿಗೇ ನಿಲ್ಲದೆ ಎಲುಬಿನ ದಾರಿ ಹಿಡಿಯುತ್ತದೆ. ಎಲುಬಾಗುವುದರ ಗುರುತಾದ ಟೈಪ್ 10 ಕೊಲಾಜೆನ್ ಏರಿದ ಪೆಲೆಟ್ಟನ್ನು ಮಂಡಿಗೆ ತುಂಬಿ ಏನು ಪ್ರಯೋಜನ? ಇದನ್ನು ತಡೆಯಲು ನನಗೆ ಎರಡು ವರ್ಷ ಬೇಕಾಯಿತು.

ಮೊದಲ ಆರು ತಿಂಗಳು ಹಾಳಾದದ್ದು ಮೂಳೆಯಿಂದಲೇ. ಕತ್ತರಿಸಿದ ಮೂಳೆ ತಂದರೆ ಮೂರನೆಯ ದಿನಕ್ಕೆ ಮೀಡಿಯಂ (ಕೋಶ ಬೆಳೆಸುವ ದ್ರವ) ಸೋಂಕು ತಗುಲಿ ಗಂಜಿಯಂತೆ ಕದಡುತ್ತಿತ್ತು. ಕೊನೆಗೆ ಬೆಳಗಿನ ಐದೂವರೆಗೆ ಮಟನ್ ಅಂಗಡಿಯ ಮುಂದೆ ನಿಂತು, ಎರಡೂ ತುದಿ ಮುಚ್ಚಿದ ಇಡೀ ತೊಡೆಮೂಳೆ ಕೇಳತೊಡಗಿದೆ. "ಸೂಪಿಗೆ ಕಾಲು ಕೇಳುತ್ತಾರೆ, ನೀವೇನು ಸಾರ್ ಮೂಳೆಗೆ ಮುಹೂರ್ತ ನೋಡುತ್ತೀರಿ?" ಎಂದು ಅಂಗಡಿಯವರು ನಕ್ಕರು. ಆಮೇಲೆ ಸುಮಾರು ನಲವತ್ತು ಮೂಳೆಗಳಲ್ಲಿ ಕೆಟ್ಟದ್ದು ಮೂರೋ ನಾಲ್ಕೋ.

ಎರಡನೆಯ ಪೆಟ್ಟು ಜೇಬಿಗೆ. ನಲವತ್ತು ಸಾವಿರದ ಆಸುಪಾಸಿನ ಟಿಜಿಎಫ್ ಅನ್ನು ಸಣ್ಣ ಪಾಲು ಮಾಡಿಡದೆ ಒಂದೇ ಟ್ಯೂಬನ್ನು ಐದಾರು ಸಲ ಹೆಪ್ಪುಗಟ್ಟಿಸಿ ಕರಗಿಸಿದೆ, ಅದರ ಕಸುವು ಹೋಯಿತು. ಆ ಸರದಿಯ ಪೆಲೆಟ್‌ಗಳು ನುಚ್ಚಕ್ಕಿಯಷ್ಟೂ ಬೆಳೆಯಲಿಲ್ಲ.

ಎಲುಬಾಗುವುದನ್ನು ತಡೆಯಲು ಬಳಸಿದ ಹಾರ್ಮೋನಿನ ವಿಷಯಕ್ಕೆ ಬರುತ್ತೇನೆ. ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಮೊದಲ ದಿನದಿಂದ ಬಿಡದೆ ಕೊಟ್ಟಾಗ ಎಲುಬಿನ ಗುಣವೇನೋ ತಗ್ಗಿತು, ಜೊತೆಗೆ ಮೃದ್ವಸ್ಥಿಯೂ ತಗ್ಗಿತು. ಮೃದ್ವಸ್ಥಿಗೆ ನೀಲಿ ಹಿಡಿಸುವ ಆಲ್ಸಿಯನ್ ಬ್ಲೂ ಬಣ್ಣ ಹಾಕಿದರೆ ನೀಲಿಯೇ ಇಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನ ಸಂಶೋಧಕರು 2014ರಲ್ಲಿ ಇದೇ ಹಾರ್ಮೋನನ್ನು ಹೋಲುವ ಪಿಟಿಎಚ್‌ಆರ್‌ಪಿಯನ್ನು ದಿನಕ್ಕೆ 6 ಗಂಟೆ ಮಾತ್ರ ಕೊಟ್ಟು ಗೆದ್ದಿದ್ದರು. ನಾನೂ ಹತ್ತಕ್ಕೆ ಹಾಕಿ ನಾಲ್ಕಕ್ಕೆ ತೆಗೆಯತೊಡಗಿದೆ, ಭಾನುವಾರ, ಹಬ್ಬವೆನ್ನದೆ. ತಂಗಿಯ ನಿಶ್ಚಿತಾರ್ಥದ ಊಟ ಬಿಟ್ಟು ಓಡಿದ್ದನ್ನು ಮನೆಯವರು ಇನ್ನೂ ಆಡಿಕೊಳ್ಳುತ್ತಾರೆ.

ಸಂಶೋಧನಾ ದರ್ಜೆಯ ಪೆಪ್ಟೈಡ್ ಕೊಳ್ಳಲು ದುಡ್ಡಿರಲಿಲ್ಲ. ಮೂಳೆ ಸವೆತಕ್ಕೆ ಬರೆದುಕೊಡುವ, ಪ್ಯಾರಾಥೈರಾಯ್ಡ್ ಹಾರ್ಮೋನಿನದೇ ತುಣುಕಾದ ಟೆರಿಪ್ಯಾರಟೈಡ್‌ನ ಇಂಜೆಕ್ಷನ್ ಪೆನ್ನನ್ನೇ ಬಳಸೋಣ ಎಂದೆ. "ಅದರಲ್ಲಿ ಔಷಧಿ ಕೆಡದಂತಿಡುವ ಮೆಟಾಕ್ರೆಸಾಲ್ ಇದೆಯಪ್ಪ, ಕೋಶ ಸಾಯುತ್ತವೆ" ಎಂದರು ಗೈಡ್. ಪೆನ್ನಿನಲ್ಲಿರುವುದು ಮಿಲಿಲೀಟರಿಗೆ 250 ಮೈಕ್ರೋಗ್ರಾಂ. ನನಗೆ ಬೇಕಾದ 10 ನ್ಯಾನೊಮೋಲಾರ್ ಸಾಂದ್ರತೆಗೆ ಅದನ್ನು ಆರು ಸಾವಿರ ಪಟ್ಟು ತೆಳುಮಾಡಬೇಕು. ಅಷ್ಟರಲ್ಲಿ ಕ್ರೆಸಾಲ್ ಎಷ್ಟು ಉಳಿದೀತು? ಬರೀ ಕ್ರೆಸಾಲ್ ಹಾಕಿದ ಪೆಲೆಟ್‌ಗಳನ್ನೂ ಪಕ್ಕದಲ್ಲೇ ಬೆಳೆಸಿ ತೋರಿಸಿದೆ. ಒಂದೂ ಸಾಯಲಿಲ್ಲ. ಗೈಡ್ ಮತ್ತೆ ಆ ಮಾತೆತ್ತಲಿಲ್ಲ.

ನಡುವೆ ಕುತೂಹಲಕ್ಕೆ ನಾಲ್ಕು ಪೆಲೆಟ್‌ಗೆ ಥೈರಾಯ್ಡ್ ಹಾರ್ಮೋನ್ ಕೊಟ್ಟೆ. ಎಲುಬಿನ ಕಡೆಗೆ ಓಡಿಸುವುದು ಅದರ ಕೆಲಸ, ಓಡಿಸಿತು. ಕತ್ತರಿಸುವಾಗ ಬ್ಲೇಡಿಗೆ ಮರಳು ಸಿಕ್ಕಂತೆ ಕರಕರ ಎಂದಿತು. ದಿನಕ್ಕೆ ಆರು ಗಂಟೆ ಹಾರ್ಮೋನ್ ಕೊಟ್ಟ ಪೆಲೆಟ್ ಎಳನೀರಿನ ಗಂಜಿಯಂತೆ ಜಾರುತ್ತಾ ಕತ್ತರಿಸಿಕೊಂಡಿತು, ಮೃದ್ವಸ್ಥಿಯನ್ನು ಕೆಂಪಾಗಿಸುವ ಸಫ್ರನಿನ್ ಬಣ್ಣಕ್ಕೆ ಅಂಚಿನವರೆಗೆ ಕೆಂಪಾಯಿತು. ಎಲುಬಾಗುವುದರ ಇನ್ನೊಂದು ಗುರುತಾದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಅರ್ಧಕ್ಕಿಂತ ಕೆಳಗೆ.

ದಿನಕ್ಕೆರಡು ಸಲ ಮೀಡಿಯಂ ಬದಲಿಸಿದರೆ ಟಿಜಿಎಫ್ ಖರ್ಚು ನಾಲ್ಕೈದು ಪಟ್ಟು. ಅದನ್ನು ಅರ್ಧ ಮಾಡುವ ಉಪಾಯವೊಂದಿದೆ, ಹಾರ್ಮೋನನ್ನು ಎಷ್ಟನೆಯ ದಿನ ಶುರುಮಾಡಬೇಕು ಎಂಬುದೂ ಒಂದಿದೆ. ಪ್ರಬಂಧ ಅಚ್ಚಾಗುವವರೆಗೆ ಎರಡನ್ನೂ ಹೇಳುವುದಿಲ್ಲ.

ಈಗ ಮೇಕೆಯ ಮಂಡಿಯ ಮೃದ್ವಸ್ಥಿಯನ್ನೇ ತಟ್ಟೆಯಲ್ಲಿಟ್ಟು, ತೂತು ಕೊರೆದು ಪೆಲೆಟ್ ಕೂರಿಸುತ್ತಿದ್ದೇನೆ. ಮೊದಲ ಮೂರು ಕಳಚಿ ಬಿದ್ದವು. ಶುಕ್ರವಾರಕ್ಕೆ ಇನ್ನೆರಡು ಮಂಡಿ ಹೇಳಿಟ್ಟಿದ್ದೇನೆ.